ರೇನ್‌ಬೋ ಬೋವಾ: ಕೆಂಪು ನೋಡ್ತೀರೋ, ಮಿನುಗು ನೋಡ್ತೀರೋ?

ತುಂಗಾತೀರ (ಆಸ್ಟಿನ್)

ಬ್ರೆಜಿಲಿಯನ್ ರೇನ್‌ಬೋ ಬೋವಾ ಹಾವು ಸಾಕಿರೋರು, ಸಾಕಬೇಕು ಅಂತಿರೋರು, ಬರೀ ಫೋಟೋ ನೋಡಿ ಖುಷಿಪಡೋರು, ಎಲ್ಲರಿಗೂ ಒಂದೇ ಪ್ರಶ್ನೆ. ಒಂದು ಹಾವು ಚೆನ್ನಾಗಿದೆ ಅಂತ ಯಾವುದನ್ನ ನೋಡಿ ತೀರ್ಮಾನ ಮಾಡ್ತೀರಿ?

ನನ್ನ ಹತ್ರ ಒಂದೇ ಸೂಲಿನ ಎರಡು ಹೆಣ್ಣು ಇವೆ. ಒಂದರ ಮೈ ಇಟ್ಟಿಗೆ ಕೆಂಪು. ಬೆನ್ನಿನ ಉಂಗುರ ತೆಳ್ಳಗೆ, ಕೆಲವು ಕಡೆ ಒಡೆದೂ ಇದೆ. ಇನ್ನೊಂದು ಕಂದಿಗೆ ವಾಲಿದ ಕಿತ್ತಳೆ. ಆದ್ರೆ ಅದರ ಉಂಗುರ ದಪ್ಪ, ಅಚ್ಚ ಕಪ್ಪು. ಮನೆಗೆ ಬಂದೋರೆಲ್ಲ ಮೊದಲನೇದನ್ನೇ ಹೊಗಳ್ತಾರೆ. ಹಾವು ಮಾರೋ ಎಕ್ಸ್‌ಪೋದಲ್ಲೂ ಬೆಲೆ ಏರೋದು ಅಂಥದ್ದಕ್ಕೇ. ನನ್ನ ಕಣ್ಣು ಹೋಗೋದು ಎರಡನೇದರ ಮೇಲೆ. ಕಿಟಕಿ ಬಿಸಿಲಿಗೆ ತಂದ್ರೆ ಆ ಕಪ್ಪಿನ ಮೇಲೆ ನೀಲಿ, ಹಸಿರು, ನೇರಳೆ ಹರಿದಾಡುತ್ತೆ. ಕೆಂಪಿನ ಮೇಲೆ ಅಷ್ಟು ಎದ್ದು ಕಾಣಲ್ಲ.

ನನ್ನ ವಾದ ಇಷ್ಟೇ: ಕೆಂಪಿನ ಹಿಂದೆ ಬಿದ್ದು ಕಪ್ಪನ್ನ ಕಳ್ಕೊಂಡ್ರೆ, ಈ ಹಾವಿಗೆ ಹೆಸರು ತಂದಿರೋ ಕಾಮನಬಿಲ್ಲಿನ ಮಿನುಗೇ ಮಸುಕಾಗುತ್ತೆ. ಒಪ್ಪದೇ ಇರೋರು ಬನ್ನಿ, ಜಗಳ ಆಡೋಣ.

ಪೇಡೆನಗರಿ (ಡಾರ್ಟ್‌ಮುಂಡ್)

ಜಗಳಕ್ಕ ನಾ ರೆಡಿ ಅದೀನಿ. ಕೆಂಪು ಬ್ಯಾಡ ಅಂದ್ರ ಬ್ರೆಜಿಲಿಯನ್ ಯಾಕ ತಗೋಬೇಕ್ರೀ? ಮಿನುಗು ಅಷ್ಟೇ ಬೇಕಂದ್ರ ಕೊಲಂಬಿಯನ್ ತಗೊಂಡು ಸುಮ್ನ ಕೂಡ್ರಬಹುದಲ್ಲ. ನಮ್ಮನ್ಯಾಗ ಇರೋ ಗಂಡು ಹಾವಿನ ಪಕ್ಕೆ ನೋಡಿದ್ರ ಕುಂಕುಮ ಹಚ್ಚಿದಂಗ ಐತಿ. ಇಲ್ಲೇ ಜರ್ಮನಿಯ ಹ್ಯಾಂ ಊರಿನ ಹಾವು-ಹಲ್ಲಿ ಮೇಳದಾಗ ತಗೊಂಡಿದ್ದು. ಆ ಕೆಂಪು ತರಾಕ ಬ್ರೀಡರ್ ಎಷ್ಟ್ ತಲೆಮಾರು ಕೆಲಸ ಮಾಡಿರಬೇಕು ಅನ್ನೋದನ್ನೂ ವಿಚಾರ ಮಾಡ್ರಿ. ಅದೇನ್ ಸುಮ್ನ ಬಂದಿದ್ದಲ್ಲ.

ಹೊಸಬ23 (ಕ್ಯಾಲಿಫೋರ್ನಿಯಾ)

ಸಾರ್, ಬ್ರೆಜಿಲಿಯನ್, ಕೊಲಂಬಿಯನ್, ಪೆರುವಿಯನ್, ಅರ್ಜೆಂಟೈನ್ ಅಂತ ಅಂಗಡಿಯಲ್ಲಿ ಬೋರ್ಡ್ ಹಾಕಿರ್ತಾರೆ. ಇವೆಲ್ಲ ಒಂದೇ ಹಾವಿನ ಬೇರೆ ಬೇರೆ ಬಣ್ಣನಾ, ಅಥವಾ ಬೇರೆ ಬೇರೆ ಹಾವುಗಳಾ? ಮೊದಲ ಹಾವು ತಗೋಬೇಕು ಅಂತಿದ್ದೀನಿ. ಅದಕ್ಕೇ ಕೇಳ್ತಿದೀನಿ.

ಅಮೆಜಾನ್_ಅಜ್ಜ (ನ್ಯೂಜೆರ್ಸಿ)

ಹೊಸಬರೇ, ಒಳ್ಳೆಯ ಪ್ರಶ್ನೆ. ಇದು ಗೊತ್ತಿಲ್ಲದೆ ಬಣ್ಣದ ಮಾತು ಮುಂದೆ ಹೋಗುವುದಿಲ್ಲ.

1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಹೆಸರಿಟ್ಟ ಹಾವು ಈಗಿನ ಎಪಿಕ್ರೇಟಿಸ್ ಸೆಂಕ್ರಿಯಾ. ಅವನ ಕೈಗೆ ಸಿಕ್ಕಿದ್ದು ಸುರಿನಾಮ್ ಕಡೆಯದು. ಆಮೇಲೆ ಬಹಳ ಕಾಲ ರೇನ್‌ಬೋ ಬೋವಾಗಳೆಲ್ಲ ಒಂದೇ ಪ್ರಭೇದ, ಊರಿಗೊಂದು ಉಪಪ್ರಭೇದ ಎಂಬ ಲೆಕ್ಕ ನಡೆಯಿತು. 2008ರಲ್ಲಿ ಬ್ರೆಜಿಲಿನ ಇಬ್ಬರು ತಜ್ಞರು, ಪಾಸೋಸ್ ಮತ್ತು ಫರ್ನಾಂಡಿಸ್, ಹುರುಪೆಗಳ ಎಣಿಕೆ, ಮೈಮೇಲಿನ ವಿನ್ಯಾಸ ಎಲ್ಲ ಹೋಲಿಸಿ ಅದನ್ನು ಐದು ಪ್ರಭೇದವಾಗಿ ಬೇರ್ಪಡಿಸಿದರು. ಅಮೆಜಾನ್ ಕಾಡಿನ ಮತ್ತು ಬ್ರೆಜಿಲಿನ ಅಟ್ಲಾಂಟಿಕ್ ಕರಾವಳಿ ಕಾಡಿನ ಹಾವು ಸೆಂಕ್ರಿಯಾ, ಅಂಗಡಿಯ ಬ್ರೆಜಿಲಿಯನ್ ಇದೇ. ಕೋಸ್ಟರಿಕಾದಿಂದ ಕೊಲಂಬಿಯಾ, ವೆನೆಜುವೆಲಾ, ಟ್ರಿನಿಡಾಡ್‌ವರೆಗೆ ಇರುವ ಕಂದು ಹಾವು ಮಾರಸ್. ಅದನ್ನೇ ಅಂಗಡಿಯವರು ಕೊಲಂಬಿಯನ್ ಅನ್ನುತ್ತಾರೆ. ಈಶಾನ್ಯ ಬ್ರೆಜಿಲಿನ ಕುರುಚಲು ಕಾಡು, ಕಾಟಿಂಗಾದ್ದು ಅಸಿಸಿ. ನಡು ಬ್ರೆಜಿಲಿನ ಸೆರಾಡೋ ಬಯಲಿನದು, ಪರಾಗ್ವೆಯ ಕಡೆಯದು ಕ್ರಾಸಸ್. ಅರ್ಜೆಂಟೀನಾದ ಚಾಕೋ ಪ್ರದೇಶದ್ದು ಅಲ್ವಾರೆಜಿ.

ಪೆರುವಿಯನ್ ಎಂದು ಮಾರುವ ಹಾವಿಗೆ 1938ರಲ್ಲಿ ಉಪಪ್ರಭೇದದ ಹೆಸರು ಸಿಕ್ಕಿತ್ತು. 2008ರಲ್ಲಿ ಅದನ್ನು ಸೆಂಕ್ರಿಯಾದೊಳಗೇ ಸೇರಿಸಿಬಿಟ್ಟರು. ಆದರೂ ಮಾರುಕಟ್ಟೆಯಲ್ಲಿ ಆ ಹೆಸರು ಉಳಿದಿದೆ, ಉಳಿಯಲಿ ಬಿಡಿ. ಹಾವು ಎಲ್ಲಿಯ ಮೂಲದ್ದು ಎಂಬುದು ಸಾಕುವವನಿಗೆ ಉಪಯೋಗದ ಮಾತು.

ಇನ್ನೊಂದು ತಮಾಷೆ ಕೇಳಿ. ನಾವು ಬ್ರೆಜಿಲಿಯನ್ ಎಂದು ಕೊಳ್ಳುವ ಹಾವುಗಳ ಪೂರ್ವಜರಲ್ಲಿ ಹೆಚ್ಚಿನವು ಬ್ರೆಜಿಲಿನಿಂದ ಬಂದವೇ ಅಲ್ಲ, ಸುರಿನಾಮ್ ಮತ್ತು ಗಯಾನಾದಿಂದ ಬಂದವು. 1967ರ ಕಾನೂನಿನಲ್ಲೇ ಬ್ರೆಜಿಲ್ ಕಾಡುಪ್ರಾಣಿ ಹಿಡಿದು ಮಾರುವುದನ್ನು ನಿಲ್ಲಿಸಿತು. ಈಗ ಅಲ್ಲಿ ಸಾಕುವವರು ಸರ್ಕಾರದ ಪರವಾನಗಿ ಇರುವ ಕೇಂದ್ರದಲ್ಲಿ ಹುಟ್ಟಿದ ಮರಿಯನ್ನೇ ಕೊಳ್ಳಬೇಕು.

ಬಣ್ಣದ ಮಾತಿಗೆ ಬರೋಣ. ತುಂಗಾತೀರರಿಗೂ ಪೇಡೆನಗರಿಯವರಿಗೂ ಇರುವ ಜಗಳ ಅರ್ಧ ಸುಳ್ಳು ಜಗಳ. ಇಬ್ಬರೂ ನೋಡುತ್ತಿರುವುದು ಬೇರೆ ಬೇರೆ ಪದರ. ಈ ಹಾವಿನ ಮೈಮೇಲೆ ಎರಡು ಬಣ್ಣ ಒಂದರ ಮೇಲೊಂದು ಕೂತಿವೆ. ಕೆಳಗಿನದು ಬಣ್ಣದ ಕಣಗಳಿಂದ ಬಂದದ್ದು. ಕೆಂಪು, ಕಿತ್ತಳೆ, ಹಳದಿ ಒಂದು ಬಗೆಯ ಜೀವಕೋಶದಲ್ಲಿ, ಕಪ್ಪು ಕಂದು ಇನ್ನೊಂದು ಬಗೆಯಲ್ಲಿ. ಮೇಲಿನದು ಬಣ್ಣವೇ ಅಲ್ಲ, ಬೆಳಕಿನ ಆಟ. ಹುರುಪೆಯ ಹೊರಪದರದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳ ಸಾಲು ಇರುತ್ತದೆ. ಸೀಡಿಯ ಹಿಂಬದಿ ಹೇಗೆ ಬೆಳಕನ್ನು ಒಡೆಯುತ್ತದೋ ಹಾಗೆ ಅದೂ ಒಡೆಯುತ್ತದೆ. ಕೋನ ಬದಲಾದರೆ ಬಣ್ಣ ಬದಲು.

ನಂಬಿಕೆ ಇಲ್ಲದಿದ್ದರೆ ಹಾವು ಬಿಟ್ಟ ಪೊರೆಯನ್ನು ಬಿಸಿಲಿಗೆ ಹಿಡಿದು ನೋಡಿ. ಕೆಂಪು ಅದರಲ್ಲಿ ಇರುವುದಿಲ್ಲ. ಮಿನುಗು ಇರುತ್ತದೆ.

ಮಿನುಗು ಎಲ್ಲ ಹುರುಪೆಯ ಮೇಲೂ ಇದೆ, ಕೆಂಪಿನ ಮೇಲೂ ಇದೆ. ಆದರೆ ಕೆಳಗೆ ಕಪ್ಪಿದ್ದರೆ ಉಳಿದ ಬೆಳಕನ್ನು ಅದು ನುಂಗಿಕೊಳ್ಳುತ್ತದೆ, ಒಡೆದ ಬಣ್ಣ ಮಾತ್ರ ಕಣ್ಣಿಗೆ ಬೀಳುತ್ತದೆ. ಕೆಳಗೆ ತಿಳಿ ಬಣ್ಣವಿದ್ದರೆ ಅಲ್ಲಿಂದ ವಾಪಸು ಬರುವ ಬೆಳಕಿನಲ್ಲಿ ಮಿನುಗು ಕಲಸಿಹೋಗುತ್ತದೆ. ಆದ್ದರಿಂದ ತುಂಗಾತೀರ ಕಂಡದ್ದು ಸರಿ.

ಪೇಡೆನಗರಿ (ಡಾರ್ಟ್‌ಮುಂಡ್)

ಅಜ್ಜಾರ, ಅರ್ಧ ಸುಳ್ಳು ಅಂದ್ರಿ. ಉಳಿದ ಅರ್ಧ ಖರೆ ಜಗಳಾ ಮಾಡ್ತೀನಿ. ನೋಡವರು ಹಾವನ್ನ ದಿನಾ ಬಿಸಿಲಾಗ ಹಿಡಿದು ಕೂಡ್ರಂಗಿಲ್ಲ. ಸಂಜೀಕ ಆಫೀಸಿನಿಂದ ಬಂದು ಗೂಡಿನ ಮುಂದ ಕುಂತಾಗ ಟ್ಯೂಬ್ ಲೈಟ್ ಬೆಳಕಿನ್ಯಾಗ ಕಾಣೋದು ಕೆಳಗಿನ ಪದರ. ಕೆಂಪು ಯಾವಾಗ್ಲೂ ಕಾಣ್ತದ. ಮಿನುಗು ಮರ್ಜಿ ಬಂದಾಗ ಕಾಣ್ತದ.

ನಿಶಾಚರಿ (ಓಹಾಯೋ)

ಮರ್ಜಿ ಹಾವಿನದ್ದಲ್ಲ, ನಿಮ್ಮ ಟ್ಯೂಬ್ ಲೈಟಿನದು. 🙂

ಎಲ್ಲ ಕಡೆಯಿಂದ ಹರಡಿ ಬೀಳೋ ಬೆಳಕಲ್ಲಿ ಮಿನುಗು ಕಾಣೋದು ಕಷ್ಟ, ಯಾಕಂದ್ರೆ ಒಂದೊಂದು ಕೋನದಿಂದ ಬಂದ ಬಣ್ಣವೆಲ್ಲ ಒಂದರ ಮೇಲೊಂದು ಬಿದ್ದು ಬೆಳ್ಳಗಾಗಿಬಿಡುತ್ತೆ. ಒಂದೇ ಕಡೆಯಿಂದ ಬರೋ ಸಣ್ಣ ಬೆಳಕು ಬೇಕು. ಬಿಸಿಲು, ಇಲ್ಲಾಂದ್ರೆ ಒಂದು ಸಣ್ಣ ಎಲ್ಇಡಿ ಟಾರ್ಚ್. ಗೂಡಿನ ಒಂದು ಮೂಲೆಯಲ್ಲಿ ಸ್ಪಾಟ್ ಎಲ್ಇಡಿ ಹಾಕಿ, ಬೆಳಕು ಓರೆಯಾಗಿ ಬೀಳೋ ಹಾಗೆ ಇಡಿ, ಸಂಜೆ ಹಾವು ಹೊರಗೆ ಬಂದಾಗ ನೋಡಿ. ಬಿಸಿ ಕೊಡೋ ಬಲ್ಬ್ ಬೇಡ. ಇವು ಒಣಗಿದ ಬಿಸಿ ತಡಕೊಳ್ಳೋ ಹಾವುಗಳಲ್ಲ.

ನನಗೆ ಇಲ್ಲಿ ಯಾರೂ ಹೇಳದೇ ಇರೋ ಜಾಗ ಒಂದಿದೆ, ಪಕ್ಕೆಯ ಬೊಟ್ಟು. ಎಲ್ಲರೂ ಬೆನ್ನಿನ ಉಂಗುರ ನೋಡ್ತಾರೆ. ಪಕ್ಕೆಯಲ್ಲಿ ಸಾಲಾಗಿ ಕಪ್ಪು ಬೊಟ್ಟು ಇರುತ್ತೆ, ಪ್ರತಿ ಬೊಟ್ಟಿನ ಮೇಲಂಚಿಗೆ ಒಂದು ಅರ್ಧಚಂದ್ರ. ಅದು ಕೆಲವದರಲ್ಲಿ ಕಿತ್ತಳೆ, ಕೆಲವದರಲ್ಲಿ ಹಳದಿ, ಕೆಲವದರಲ್ಲಿ ಹೆಚ್ಚುಕಮ್ಮಿ ಬಿಳಿ. ಬೆನ್ನಿನ ಕೆಂಪು ಮೇಲಿಂದ ಇಳೀತಾ ಇಳೀತಾ ಪಕ್ಕೆಯಲ್ಲಿ ಬೂದಿಗೆ ತಿರುಗೋ ಕಡೆ ಆ ಅರ್ಧಚಂದ್ರ ಬೆಂಕಿ ಹಾಗೆ ನಿಂತಿರುತ್ತೆ. ನಾನು ಮರಿ ಆರಿಸೋವಾಗ ಮೊದಲು ನೋಡೋದು ಅದನ್ನೇ. ಆಮೇಲೆ ತಲೆ. ತಲೆ ಮೇಲೆ ಐದು ಕಪ್ಪು ಗೆರೆ ಇರುತ್ತೆ: ನಡುವೆ ಒಂದು, ಅದರ ಅಕ್ಕಪಕ್ಕ ಎರಡು, ಕಣ್ಣಿನ ಮೂಲಕ ಹಾದು ಹೋಗೋದು ಎರಡು. ನಡುವಿನ ಗೆರೆ ಕತ್ತಿನ ಹತ್ರ ಹೇಗೆ ಮುಗಿಯುತ್ತೆ ಅನ್ನೋದು ಒಂದೊಂದರಲ್ಲಿ ಒಂದೊಂದು ಥರ. ಕೆಲವದರಲ್ಲಿ ಮೊದಲನೇ ಉಂಗುರಕ್ಕೆ ಹೋಗಿ ಸೇರಿಬಿಡುತ್ತೆ.

ಕಡಲಕರೆ (ಬರ್ಮಿಂಗ್‌ಹ್ಯಾಂ)

ನಿಶಾಚರಿಯವ್ರು ಹೇಳಿದ್ದು ಸಮ ಉಂಟು ಮಾರಾಯ್ರೆ. ನಮ್ಮಲ್ಲಿ ಒಂದು ಸೂಲಿನ ಮರಿಗಳನ್ನು ಸಾಲಾಗಿ ಇಟ್ಟು ನೋಡಿದ್ದೇವೆ. ಅಪ್ಪ ಅಮ್ಮ ಒಂದೇ, ಆದ್ರೆ ಒಂದರ ಹಾಗೆ ಇನ್ನೊಂದಿಲ್ಲ. ಒಂದರಲ್ಲಿ ಉಂಗುರಗಳು ಬಿಡಿ ಬಿಡಿ, ಗುಂಡಗೆ. ಇನ್ನೊಂದರಲ್ಲಿ ಎರಡೆರಡು ಕೂಡಿ ಎಂಟರ ಆಕಾರ. ಮತ್ತೊಂದರಲ್ಲಿ ಬಾಲದ ಹತ್ತಿರ ಉಂಗುರವೇ ಇಲ್ಲ, ಬರೀ ಏಣಿ ಮೆಟ್ಟಿಲಿನ ಹಾಗೆ ಅಡ್ಡಗೆರೆ. ಇವು ಮೊಟ್ಟೆ ಇಡುವುದಿಲ್ಲವಲ್ಲ, ಮರಿಯನ್ನೇ ಹಾಕುವುದು. ಒಂದು ಸೂಲಿಗೆ ಹತ್ತರಿಂದ ಇಪ್ಪತ್ತೈದರವರೆಗೂ ಆಗ್ತವೆ. ನೋಡ್ಲಿಕ್ಕೆ ಬೇಕಾದಷ್ಟು ಉಂಟು.

ಉಂಗುರದ ಈ ಜೋಡಣೆ ಬ್ರೆಜಿಲಿಯನ್ನಲ್ಲಿ ಬೆಳೆದ ಮೇಲೂ ಹಾಗೇ ಉಳೀತದೆ. ಬಣ್ಣ ಏರಬಹುದು ಇಳಿಯಬಹುದು, ಎಂಟು ಎಂಟೇ. ಹಾಗಾಗಿ ಮರಿ ಇರುವಾಗಲೇ ಎರಡೂ ಪಕ್ಕೆಯ ಫೋಟೋ ತೆಗೆದಿಡಿ. ಮುಂದೆ ಇದೇ ನನ್ನ ಹಾವು ಅಂತ ತೋರಿಸ್ಲಿಕ್ಕೆ ಬೇರೆ ಗುರುತು ಬೇಡ.

ಹೊಸಬ23 (ಕ್ಯಾಲಿಫೋರ್ನಿಯಾ)

ಹಾಗಾದ್ರೆ ಮರಿ ಈಗ ಮಂಕಾಗಿದ್ರೆ ಮುಂದೆ ಕೆಂಪಾಗುತ್ತಾ? ನಾನು ನೋಡಿದ ಮರಿ ಒಂಥರಾ ಕಂದು ಕಿತ್ತಳೆ. ಮಾರೋರು "ಕಾಯಿರಿ, ಬಣ್ಣ ಏರುತ್ತೆ" ಅಂತಾರೆ. ನಂಬಬಹುದಾ?

ಅಮೆಜಾನ್_ಅಜ್ಜ (ನ್ಯೂಜೆರ್ಸಿ)

ಬ್ರೆಜಿಲಿಯನ್ ಆದರೆ ಸುಳ್ಳಲ್ಲ. ಮೊದಲ ಎರಡು ಮೂರು ವರ್ಷ ಒಂದೊಂದು ಪೊರೆ ಬಿಟ್ಟಾಗಲೂ ಕೆಂಪು ಸ್ವಲ್ಪ ಸ್ವಲ್ಪ ಕೂಡುತ್ತದೆ. ಎಷ್ಟು ಕೂಡುತ್ತದೆ ಎಂಬುದಕ್ಕೆ ಮರಿಯನ್ನು ನೋಡಿ ಪ್ರಯೋಜನವಿಲ್ಲ. ಅಪ್ಪ ಅಮ್ಮನ ಫೋಟೋ ಕೇಳಿ. ಕೊಡುವುದಿಲ್ಲ ಎಂದರೆ ಬೇರೆಡೆ ನೋಡಿ.

ಕೊಲಂಬಿಯನ್ ಆದರೆ ಕಥೆ ಉಲ್ಟಾ. ಮರಿಯಲ್ಲಿ ಉಂಗುರ, ಪಕ್ಕೆಯ ಬೊಟ್ಟು ಎಲ್ಲ ಚೊಕ್ಕವಾಗಿರುತ್ತದೆ. ಬೆಳೆದಂತೆ ಅಳಿಸುತ್ತಾ ಹೋಗಿ ಕೊನೆಗೆ ಸಾದಾ ಕಂದು ಹಾವು. ಅಂಗಡಿಯಲ್ಲಿ ಆ ಚಂದದ ಮರಿ ನೋಡಿ ಕೊಂಡವರು ನಾಲ್ಕನೇ ವರ್ಷಕ್ಕೆ ಮಾರಲು ಹೊರಡುತ್ತಾರೆ. ಅವರು ಅದನ್ನು ಒಮ್ಮೆ ಬಿಸಿಲಿಗೆ ತಂದು ನೋಡಿರುವುದಿಲ್ಲ, ಅಷ್ಟೇ. ವಿನ್ಯಾಸ ಅಡ್ಡ ಬರದ ಕಂದು ಮೈಯ ಮೇಲೆ ತಲೆಯಿಂದ ಬಾಲದವರೆಗೆ ಒಂದೇ ಸಮನೆ ನೀಲಿ ಹಸಿರು ಹರಿಯುವುದನ್ನು ನೋಡಿದರೆ, ಐದು ಪ್ರಭೇದದಲ್ಲಿ ಮಿನುಗಿಗೆ ಮೊದಲ ಸ್ಥಾನ ಯಾವುದಕ್ಕೆ ಎಂದು ನಾನು ಹೇಳಬೇಕಾಗಿಲ್ಲ. ಮೇಲಾಗಿ ಅದು ಗಟ್ಟಿ ಹಾವು. ಗಾಳಿಯಲ್ಲಿ ತೇವ ಸ್ವಲ್ಪ ಕಡಿಮೆಯಾದರೂ ತಡೆದುಕೊಳ್ಳುತ್ತದೆ. ಬ್ರೆಜಿಲಿಯನ್ ತಡೆದುಕೊಳ್ಳುವುದಿಲ್ಲ.

ತುಂಗಾತೀರ (ಆಸ್ಟಿನ್)

ಇದನ್ನೇ ನಾನು ಹೇಳೋಕೆ ಹೊರಟಿದ್ದು ಅಜ್ಜ. ಬೆಲೆಪಟ್ಟಿಯಲ್ಲಿ ಕೊನೆಗಿರೋ ಹಾವು ಮಿನುಗಿನಲ್ಲಿ ಮೊದಲು.

ಡಬ್ಬಲ್_ಹೆಟ್ (ಫೀನಿಕ್ಸ್)

ಮಾರ್ಫ್, ಅಂದ್ರೆ ತಲೆಮಾರಿಗೆ ಇಳಿಯೋ ಬೇರೆ ಥರದ ಬಣ್ಣ ಅಥವಾ ವಿನ್ಯಾಸ ಇರೋ ಹಾವು, ಅದರ ಬಗ್ಗೆ ಯಾರೂ ಬಾಯಿ ಬಿಡ್ತಿಲ್ಲ, ಆದ್ದರಿಂದ ನಾನು ಬಿಡ್ತೀನಿ, ಕಲ್ಲು ಹೊಡೀಬೇಡಿ.

ಅನೆರಿ ನೋಡಿದ್ದೀರಾ? ಕೆಂಪು ಕಣವೇ ಇಲ್ಲದ ಹಾವು. ಬೆಳ್ಳಿ ಬೂದು ಮೈ, ಕಪ್ಪು ಉಂಗುರ. "ಕೆಂಪಿಲ್ಲದ ರೇನ್‌ಬೋ ಏನು ಚಂದ" ಅಂತ ಮೂಗು ಮುರಿಯೋರು ಅದನ್ನ ಬಿಸಿಲಲ್ಲಿ ನೋಡಿಲ್ಲ. ಕೆಳಗಿನ ಪದರದಲ್ಲಿ ಬಣ್ಣದ ಗಲಾಟೆ ಇಲ್ಲದ ಕಾರಣ ಮೇಲಿನ ಆಟ ಪೂರ್ತಿ ಕಾಣುತ್ತೆ. ತುಂಗಾತೀರ ಅವರ ವಾದಕ್ಕೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಾ? ಮಾರ್ಫ್ ಅಂದ ತಕ್ಷಣ ಸಿಡುಕೋರು ಸ್ವಲ್ಪ ಯೋಚಿಸಿ.

ಹೈಪೋ ಇದರ ಎದುರು ದಿಕ್ಕು. ಕಪ್ಪು ಕಡಿಮೆ, ಕಿತ್ತಳೆ ಉರಿಯುತ್ತೆ, ಉಂಗುರದ ಅಂಚು ಕಂದಾಗಿ ಕರಗಿರುತ್ತೆ. ಟ್ಯೂಬ್ ಲೈಟ್ ಕೆಳಗೆ ಕೂರೋ ಪೇಡೆನಗರಿಯವರಿಗೆ ಅದೇ ಸರಿ.

ಅನೆರಿ ರಿಸೆಸಿವ್. ಅಂದ್ರೆ ಎರಡೂ ಕಡೆಯಿಂದ ಆ ಗುಣ ಬಂದ್ರೆ ಮಾತ್ರ ಕಣ್ಣಿಗೆ ಕಾಣುತ್ತೆ. ಒಳಗೆ ಹೊತ್ತಿರೋ ಎರಡು ಮಾಮೂಲಿ ಬಣ್ಣದ ಹಾವು ಕೂಡಿದ್ರೆ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ಹೊಸಬರು 'ಹೆಟ್' (ಹಾಗೆ ಗುಣವನ್ನ ಒಳಗೆ ಹೊತ್ತಿರೋ ಹಾವು) ಅಂತ ಬರೆದಿರೋದಕ್ಕೆ ಜಾಸ್ತಿ ದುಡ್ಡು ಕೊಡೋ ಮೊದಲು ಇದು ತಲೆಯಲ್ಲಿರಲಿ. ಹೊರಗಿಂದ ನೋಡಿ ಹೆಟ್ ಹೌದೋ ಅಲ್ಲವೋ ಹೇಳೋಕೆ ಆಗಲ್ಲ, ಮಾರೋನ ಮಾತೇ ಆಧಾರ.

ನಿಶಾಚರಿ (ಓಹಾಯೋ)

ಕಲ್ಲು ಹೊಡೆಯಲ್ಲ. ಅನೆರಿ ನನಗೂ ಇಷ್ಟ. ಆದ್ರೆ ಒಂದು ತಕರಾರು. ಉಂಗುರ ಸ್ವಲ್ಪ ಸೊಟ್ಟಗಿದ್ದ ಕೂಡ್ಲೇ ಅದಕ್ಕೊಂದು ಮಾರ್ಫ್ ಹೆಸರು ಅಂಟಿಸಿ ಮಾರೋದು ಜಾಸ್ತಿಯಾಗಿದೆ. ತಾಯಿ ಹೊಟ್ಟೆಯಲ್ಲಿರುವಾಗ ಬಿಸಿ ಹೆಚ್ಚುಕಮ್ಮಿಯಾದ್ರೂ ಹಾವುಗಳಲ್ಲಿ ವಿನ್ಯಾಸ ಅಲುಗಾಡಬಹುದು. ಅದು ಮುಂದಿನ ತಲೆಮಾರಿಗೆ ಇಳಿಯೋ ಗುಣವೇ ಅಲ್ಲ. ಮರಿ ಹಾಕಿಸಿ, ಮೊಮ್ಮರಿಯಲ್ಲೂ ಕಂಡ್ರೆ ಮಾತ್ರ ಹೆಸರಿಡಿ. ಈ ಹಾವು ಸೂಲಿಗೆ ಬರೋಕೇ ಮೂರು ನಾಲ್ಕು ವರ್ಷ ಬೇಕು. ಕಾಯೋ ತಾಳ್ಮೆ ಇಲ್ಲದೋರು ಹೆಸರು ಮೊದಲು ಇಡ್ತಾರೆ.

ಸೊಟ್ಟ ಉಂಗುರದ ಹಾವು ಹೆಸರಿಲ್ಲದೇನೂ ಚಂದವೇ.

ಡಬ್ಬಲ್_ಹೆಟ್ (ಫೀನಿಕ್ಸ್)

ಒಪ್ಪಿದೆ.

ಯಾರಾ_ಹೊಳೆ (ಮೆಲ್ಬರ್ನ್)

ನೀವೆಲ್ಲ ಹೊಟ್ಟೆ ಉರಿಸ್ತೀರಪ್ಪಾ. ಆಸ್ಟ್ರೇಲಿಯಾದಲ್ಲಿ ಹೊರದೇಶದ ಹಾವು ಸಾಕೋ ಹಾಗೇ ಇಲ್ಲ. ಲೈಸೆನ್ಸ್ ಇದ್ರೂ ಇಲ್ಲಿನ ಹಾವು ಮಾತ್ರ. ಆದ್ರೆ ನಮ್ಮ ಉತ್ತರದ ವಾಟರ್ ಪೈಥಾನ್ ಮಿನುಗಿನಲ್ಲಿ ನಿಮ್ಮ ಕೊಲಂಬಿಯನ್‌ಗೆ ಸರಿಸಮ ಅಂತ ನನ್ನ ಅಭಿಪ್ರಾಯ. ಅದೂ ಸಾದಾ ಕಂದು ಮೈ, ಹೊಟ್ಟೆ ಹಳದಿ. ಅಜ್ಜ ಹೇಳಿದ ಲೆಕ್ಕವೇ ಇಲ್ಲೂ ಸರಿಹೋಗುತ್ತೆ.

ಕಾಫಿತೋಟ (ಮಡಿಕೇರಿ)

ಸಾಕುವವ ನಾನಲ್ಲ, ಓದುವವ. ಮಿನುಗಿನ ಮಾತು ಬಂತು ಅಂತ ಬರೀತಿದ್ದೇನೆ.

ನಮ್ಮಲ್ಲಿ ಮಳೆಗಾಲದಲ್ಲಿ ಗಿಡದ ಬುಡ ಬಿಡಿಸುವಾಗ ಮಣ್ಣಿನಿಂದ ಸಣ್ಣ ಕಪ್ಪು ಹಾವು ಹೊರಗೆ ಬರುತ್ತದೆ. ಶೀಲ್ಡ್‌ಟೇಲ್ ಗುಂಪಿನವು. ವಿಷವಿಲ್ಲ, ಕಚ್ಚುವುದಿಲ್ಲ, ಎರೆಹುಳ ತಿಂದುಕೊಂಡು ಮಣ್ಣೊಳಗೇ ಇರುತ್ತವೆ. ಮೋಡ ಸರಿದು ಬಿಸಿಲು ಬಿದ್ದರೆ ಅದರ ಮೈಮೇಲೆ ನೀವು ಹೇಳುವ ಅದೇ ನೀಲಿ, ಅದೇ ನೇರಳೆ. ಮೆಲನೋಫಿಡಿಯಂ ಎಂಬ ಕುಲದವು ಇನ್ನೂ ಜೋರು. ಅವುಗಳಲ್ಲಿ ಒಂದರ ಹೆಸರಿನಲ್ಲೇ ವಯನಾಡು ಇದೆ. ನೀಲಿಗಪ್ಪು ಬೆನ್ನು, ಹೊಟ್ಟೆಯಲ್ಲಿ ಬಿಳಿ ಮಚ್ಚೆ.

ಮಣ್ಣೊಳಗೆ ಕತ್ತಲಲ್ಲಿ ಬದುಕುವ ಹಾವಿಗೆ ಈ ಬಣ್ಣ ಯಾಕೆ ಅಂತ ಯೋಚಿಸಿದ್ದೀರಾ? 1977ರಲ್ಲಿ ಪ್ರಾಣಿವಿಜ್ಞಾನಿ ಕಾರ್ಲ್ ಗ್ಯಾನ್ಸ್ ಮತ್ತು ಇನ್ನೊಬ್ಬರು ಈ ಗುಂಪಿನ ಹಾವುಗಳ ಹುರುಪೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿದ್ದಾರೆ. ಆ ಸಣ್ಣ ಗೀರುಗಳಿಂದ ಒದ್ದೆ ಮಣ್ಣು ಮೈಗೆ ಅಂಟುವುದಿಲ್ಲ. ಬಣ್ಣ ಬರೀ ಅದರ ಜೊತೆಗೆ ಬಂದದ್ದು. ಯಾರಾದರೂ ನೋಡಲಿ ಅಂತ ಮಾಡಿದ್ದಲ್ಲ. ಅಮೆಜಾನಿನ ನಿಮ್ಮ ಹಾವಿಗೂ ಅದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಅದು ನೆಲದ ಮೇಲೂ ಮರದ ಮೇಲೂ ಓಡಾಡುವ ಹಾವು.

ಮೆಜೆಸ್ಟಿಕ್_ಮಂಜ (ಬೆಂಗಳೂರು)

ಸಕತ್ ಗುರು. ಬೆಂಗಳೂರಲ್ಲಿ ರೇನ್‌ಬೋ ಬೋವಾ ಸಾಕಬಹುದಾ? ಇಲ್ಲಾಂದ್ರೆ ಕಾಫಿತೋಟದವರು ಹೇಳಿದ ಆ ಹಾವು?

ಕಾಫಿತೋಟ (ಮಡಿಕೇರಿ)

ನಮ್ಮ ಹಾವಿನ ಮೇಲೆ ಕೈ ಹಾಕಬೇಡಿ. ಹೊಟ್ಟೆಗೆ ಎರೆಹುಳ, ಇರಲು ತಣ್ಣನೆ ಮಣ್ಣು ಬೇಕು, ಡಬ್ಬಿಯಲ್ಲಿ ಉಳಿಯುವುದಿಲ್ಲ. ಅದಕ್ಕಿಂತ ಮೊದಲು ಅದು ಕಾನೂನಿಗೆ ವಿರುದ್ಧ. ಎರಡು ತಲೆ ಹಾವು ಅಂತ ಮಣ್ಣುಮುಕ್ಕನನ್ನು ಹಿಡಿದು ಮಾರಲು ಹೋಗಿ ಜೈಲು ಸೇರಿದವರ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತಲೇ ಇದೆ.

ಅಮೆಜಾನ್_ಅಜ್ಜ (ನ್ಯೂಜೆರ್ಸಿ)

ಮಂಜ, ರೇನ್‌ಬೋ ಬೋವಾ ವಿಷಯ. ಬೋವಾ ಕುಟುಂಬದ ಹಾವುಗಳೆಲ್ಲ ಸೈಟಿಸ್ (ಕಾಡುಪ್ರಾಣಿ, ಸಸ್ಯಗಳ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ, ಹೆಚ್ಚಿನವು ಎರಡನೇ ಅನುಬಂಧದಲ್ಲಿ, ರೇನ್‌ಬೋ ಕೂಡ ಅದರಲ್ಲೇ. ಭಾರತದಲ್ಲಿ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ನಾಲ್ಕನೇ ಅನುಸೂಚಿಯಲ್ಲಿ ಸೈಟಿಸ್ ಪ್ರಾಣಿಗಳು ಬರುತ್ತವೆ. 2024ರಲ್ಲಿ ಬಂದ ನಿಯಮದ ಪ್ರಕಾರ ಅಂಥ ಪ್ರಾಣಿ ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ 2.0 ಪೋರ್ಟಲಿನಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೂ, ಸತ್ತರೂ, ಬೇರೆಯವರಿಗೆ ಕೊಟ್ಟರೂ ತಿಳಿಸಬೇಕು. ಕಾಗದವಿಲ್ಲದ ಹಾವು ಎಷ್ಟೇ ಕೆಂಪಿರಲಿ, ತೆಗೆದುಕೊಳ್ಳಬೇಡ. ಬ್ಯಾಗಿನಲ್ಲಿ ತುರುಕಿಕೊಂಡು ಬಂದು ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದವರ ಹಾವುಗಳು ಯಾವ ಸ್ಥಿತಿಯಲ್ಲಿರುತ್ತವೆ ಎಂದು ನೋಡಿದರೆ ಆಸೆಯೇ ಹೋಗುತ್ತದೆ.

ಮೆಜೆಸ್ಟಿಕ್_ಮಂಜ (ಬೆಂಗಳೂರು)

ಸರಿ ಅಜ್ಜ. ಸದ್ಯಕ್ಕೆ ಇಲ್ಲೇ ಕೂತು ಫೋಟೋ ನೋಡ್ತೀನಿ. ಹಾಕ್ರಪ್ಪಾ ಫೋಟೋನ.

ಕಡಲಕರೆ (ಬರ್ಮಿಂಗ್‌ಹ್ಯಾಂ)

ಫೋಟೋ ಅಂದ್ರೆ ಅದೇ ದೊಡ್ಡ ಮೋಸ ಮಾರಾಯ್ರೆ. ಫೋನು ತನಗೆ ಬೇಕಾದ ಹಾಗೆ ಬಣ್ಣ ಏರಿಸ್ತದೆ. ಕಿತ್ತಳೆ ಕೆಂಪಾಗ್ತದೆ, ಕೆಂಪು ರಕ್ತ ಆಗ್ತದೆ. ಹಳದಿ ಬಲ್ಬಿನ ಕೆಳಗೆ ತೆಗೆದ್ರೆ ಎಲ್ಲ ಹಾವೂ ಹೈ ರೆಡ್. ಮಾರುವವರ ಫೋಟೋದಲ್ಲಿ ಹಾವಿನ ಪಕ್ಕ ಒಂದು ಬಿಳಿ ಕಾಗದ ಇಟ್ಟು ತೆಗೆದು ಕಳಿಸಿ ಅಂತ ಕೇಳಿ. ಕಾಗದ ಹಳದಿ ಕಂಡ್ರೆ ಹಾವಿನ ಬಣ್ಣವೂ ನಂಬ್ಲಿಕ್ಕಿಲ್ಲ.

ನಾನು ತೆಗೆಯುವುದು ಹೀಗೆ. ಪೊರೆ ಬಿಟ್ಟು ಎರಡು ಮೂರು ದಿನ ಆಗಿರಬೇಕು, ಆವಾಗ ಮಿನುಗು ಅತಿ ಜೋರು. ಪೊರೆ ಬಿಡುವ ಮೊದಲು ಕಣ್ಣು ನೀಲಿ ಆಗಿರುವಾಗ ಎಂಥ ಹಾವೂ ಬೂದಿ ಹಾಗೆ ಕಾಣ್ತದೆ, ಆವಾಗ ಮುಟ್ಟಲೂ ಬಾರದು. ಬೆಳಗ್ಗಿನ ಅಥವಾ ಸಂಜೆಯ ಓರೆ ಬಿಸಿಲು. ಕಪ್ಪು ಬಟ್ಟೆ ಹಿಂದೆ. ಫೋನಿನಲ್ಲಿ ಬೆಳಕು ಒಂದು ಹಂತ ಇಳಿಸಿ, ಇಲ್ಲದಿದ್ರೆ ಆ ನೀಲಿ ಹಸಿರೆಲ್ಲ ಬಿಳಿ ಚುಕ್ಕಿ ಆಗಿ ಹೋಗ್ತದೆ. ಎರಡು ಫೋಟೋ ಬೇಕು: ನೆರಳಲ್ಲಿ ಒಂದು, ಬಿಸಿಲಲ್ಲಿ ಒಂದು. ನೆರಳಿನದ್ದು ಪೇಡೆನಗರಿಯವರಿಗೆ, ಬಿಸಿಲಿನದ್ದು ತುಂಗಾತೀರರಿಗೆ. ಮತ್ತೆ, ಬಿಸಿಲಲ್ಲಿ ಒಂದೆರಡು ನಿಮಿಷ ಸಾಕು. 32 ಡಿಗ್ರಿ ದಾಟಿದ ಬಿಸಿ ಈ ಹಾವಿಗೆ ಆಗುವುದಿಲ್ಲ.

ಪೇಡೆನಗರಿ (ಡಾರ್ಟ್‌ಮುಂಡ್)

ನೆರಳಿನ ಫೋಟೋ ನನಗ ಕೊಟ್ಟು ಕೈ ತೊಳಕೊಂಡ್ರಿ ನೋಡ್ರಿ.

ಆದ್ರ ಒಂದು ಮಾತು ಒಪ್ಕೋತೀನಿ. ನಿಶಾಚರಿ ಹೇಳಿದ ಸ್ಪಾಟ್ ಲೈಟ್ ಹಾಕಿ ನೋಡ್ದೆ. ಮೂಲಿ ಕಡೆಯಿಂದ ಓರೆ ಬೆಳಕು. ಕೆಂಪು ಪಕ್ಕೆ ಮ್ಯಾಲ ಮಿನುಗು ಏನೂ ಹೇಳಿಕೊಳ್ಳುವಂಗಿಲ್ಲ, ತಲಿ ಗೆರೆ ಮ್ಯಾಲ ಮಾತ್ರ ನವಿಲಿನ ಕುತ್ತಿಗೆ ಬಣ್ಣ ಬರ್ತದ. ಅಂದ್ರ ನಮ್ಮ ಹಾವಿನಾಗೂ ಐತಿ, ಕಪ್ಪು ಇದ್ದಲ್ಲಿ. ಕೆಂಪು ಬಿಟ್ಟುಕೊಡಂಗಿಲ್ಲ, ಆದ್ರ ಮುಂದ ಜೋಡಿ ಮಾಡೋವಾಗ ಉಂಗುರ ದಪ್ಪ ಇರೋ ಹೆಣ್ಣು ಹುಡುಕ್ತೀನಿ. ತುಂಗಾತೀರ, ನಿಮ್ಮ ಎರಡನೇದು ಭಾಳ ದೂರ ಐತಲ್ರೀ.

ತುಂಗಾತೀರ (ಆಸ್ಟಿನ್)

ವರನ ಕಡೆಯೋರು ಇಷ್ಟು ಬೇಗ ಬಂದ್ರಾ? ಸೈಟಿಸ್ ಕಾಗದದ ಖರ್ಚು ನಿಮ್ಮದೇ ಆಗಿರಲಿ.

ಜೋಡಿ ಮಾತು ಬಂದಿದ್ದಕ್ಕೆ ಇನ್ನೊಂದು ಹೇಳಬೇಕು. ಬಣ್ಣಕ್ಕೋಸ್ಕರ ಬ್ರೆಜಿಲಿಯನ್‌ಗೆ ಕೊಲಂಬಿಯನ್ ಕೂಡಿಸಿ, ಮರಿಗಳನ್ನ ಬ್ರೆಜಿಲಿಯನ್ ಅಂತಲೇ ಮಾರೋರಿದ್ದಾರೆ. ಮರಿ ಇದ್ದಾಗ ಗೊತ್ತಾಗಲ್ಲ. ಬೆಳೆದ ಮೇಲೆ ಕೆಂಪೂ ಪೂರ್ತಿ ಬರಲ್ಲ, ಉಂಗುರ ಮಸುಕಾಗ್ತಾ ಹೋಗುತ್ತೆ. ಆ ಹಾವಿನ ತಪ್ಪೇನಿಲ್ಲ, ಅದೂ ಚೆನ್ನಾಗಿ ಬದುಕುತ್ತೆ. ಆದ್ರೆ ಅದರ ಮರಿಗಳನ್ನ ಮತ್ತೆ ಯಾರೋ ಸುರಿನಾಮ್ ಮೂಲ ಅಂತ ಮಾರಿದ್ರೆ, ಇಪ್ಪತ್ತು ವರ್ಷ ಆದ್ಮೇಲೆ ಯಾವ ಊರಿನ ಹಾವು ಹೇಗಿರುತ್ತೆ ಅಂತ ಹೇಳೋಕೆ ಸಾಕಿರೋ ಹಾವುಗಳಲ್ಲಿ ಒಂದೂ ಉಳಿದಿರಲ್ಲ. ಕಾಟಿಂಗಾದ ಹಾವಿನ ಪಕ್ಕೆಯ ಬಿಳಿ ಅರ್ಧಚಂದ್ರ, ಚಾಕೋದ ಹಾವಿನ ಕಂದು ಮೈ ಮೇಲಿನ ತಿಳಿ ಸುತ್ತುಗೆರೆ, ಇವೆಲ್ಲ ಒಂದೊಂದು ಊರಿನ ನೆಲ ಮಳೆ ಬಿಸಿಲಿಗೆ ಹೊಂದಿ ಬಂದಿರೋದು. ಕೆಂಪು ಅನ್ನೋ ಒಂದೇ ತಕ್ಕಡಿಯಲ್ಲಿ ತೂಗಿದ್ರೆ ಅರ್ಜೆಂಟೈನ್ ಹಾವನ್ನ ಯಾರೂ ಸಾಕಲ್ಲ. ಆಗಲೇ ಅದು ಸಿಗೋದು ಅಪರೂಪ.

ಹೊಸಬ23 (ಕ್ಯಾಲಿಫೋರ್ನಿಯಾ)

ಎಲ್ಲ ಓದಿದೆ, ತಲೆ ತಿರುಗ್ತಿದೆ. 😅 ಆ ಮಾರೋರಿಗೆ ಅಪ್ಪ ಅಮ್ಮನ ಫೋಟೋ ಕೇಳಿದೆ, ಬಿಳಿ ಕಾಗದ ಇಟ್ಟು ಕಳಿಸಿದ್ರು. ಅಮ್ಮ ಕಿತ್ತಳೆ, ಅಪ್ಪ ಚೆನ್ನಾಗಿ ಕೆಂಪು. ಮರಿಯ ಎಡಪಕ್ಕೆಯಲ್ಲಿ ಅರ್ಧಚಂದ್ರಗಳು ಹಳದಿ, ಬಲಪಕ್ಕೆಯಲ್ಲಿ ಎರಡು ಬೊಟ್ಟು ಕೂಡಿಕೊಂಡಿವೆ. ತಲೆಯ ನಡುಗೆರೆ ಮೊದಲ ಉಂಗುರಕ್ಕೆ ಸೇರಿದೆ, ನಿಶಾಚರಿ ಮೇಡಂ ಹೇಳಿದ ಥರವೇ. ಬೇರೆ ಮರಿಗಳಿಗಿಂತ ಇದರದ್ದೇ ಬೆಲೆ ಕಮ್ಮಿ, ಮೈ ಕಂದು ಅಂತ. ತಗೊಳ್ತೀನಿ.

ಗೂಡು ರೆಡಿ ಇದೆ. ಬಿಸಿ ಕಡೆ 29, ತಂಪು ಕಡೆ 24. ಥರ್ಮೋಸ್ಟಾಟ್ ಹಾಕಿದೀನಿ. ಆರ್ದ್ರತೆ ಮೀಟರ್ 60 ತೋರಿಸ್ತಿದೆ.

ಅಮೆಜಾನ್_ಅಜ್ಜ (ನ್ಯೂಜೆರ್ಸಿ)

60 ಸಾಲದು. ಮರಿಗೆ 80ರ ಮೇಲೆ ಬೇಕು. ಮೇಲಿನ ಜಾಲರಿಯ ಮುಕ್ಕಾಲು ಭಾಗ ಮುಚ್ಚಿ, ಸೈಪ್ರೆಸ್ ಚಕ್ಕೆ ದಪ್ಪಗೆ ಹಾಸಿ, ಅಡಗಲು ಇಡುವ ಡಬ್ಬಿಯೊಳಗೆ ಒದ್ದೆ ಪಾಚಿ ತುಂಬಿ. ಗಾಳಿ ಪೂರ್ತಿ ನಿಲ್ಲಿಸಬೇಡಿ, ನೆಲ ಕೆಸರಾದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ತೇವ ಕಡಿಮೆಯಾದರೆ ಪೊರೆ ತುಂಡು ತುಂಡಾಗಿ ಬಿಡುತ್ತದೆ, ಉಳಿದ ತುಂಡಿನ ಕೆಳಗೆ ಯಾವ ಬಣ್ಣವೂ ಕಾಣುವುದಿಲ್ಲ.

ಮೀಟರ್ 80 ಮುಟ್ಟಿ ಒಂದು ವಾರ ಅಲ್ಲೇ ನಿಲ್ಲಲಿ. ಆಮೇಲೆ ಮರಿ ತನ್ನಿ.

ಹೊಸಬ23 (ಕ್ಯಾಲಿಫೋರ್ನಿಯಾ)

ಆಯ್ತು ಅಜ್ಜ. ಮುಂದಿನ ಶನಿವಾರ ಅಂದಿದ್ದೆ, ಅದರ ಮುಂದಿನ ಶನಿವಾರಕ್ಕೆ ಹಾಕಿಸ್ತೀನಿ. ಪಾಚಿ ಯಾವುದು, ಸ್ಫ್ಯಾಗ್ನಮ್ ಅಂತ ಬರೆದಿರೋದೇ ತಾನೇ?

ಕಡಲಕರೆ (ಬರ್ಮಿಂಗ್‌ಹ್ಯಾಂ)

ಹೌದು ಅದೇ. ನೀರಲ್ಲಿ ಅದ್ದಿ ಗಟ್ಟಿ ಹಿಂಡಿ ಹಾಕಿ. ಮತ್ತೆ ಬಲಪಕ್ಕೆಯ ಆ ಕೂಡಿದ ಬೊಟ್ಟಿನ ಫೋಟೋ ಇಲ್ಲಿ ಹಾಕಿ, ಮಂಜ ಕಾಯ್ತಾ ಇದ್ದಾನೆ.